ಅರ್ಧ ಬಿಳಿ

ಹೊಸ ಎಲೆ ಪೂರ್ತಿ ಹಸಿರಾಗಿತ್ತು. ನಾನು "ಅರ್ಧ ಬಿಳಿ" ಎಂದೆ.

"ಯಾವ ಅರ್ಧ?" ಅಕ್ಕ ಕೇಳಿದಳು.

"ಎಡಗಡೆ."

"ನಿನ್ನ ಎಡನಾ, ಎಲೆ ಎಡನಾ?"

"ನನ್ನ ಎಡ."

ಅವಳು ತಲೆಯಾಡಿಸಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಮುಖದಲ್ಲಿ ನೆಮ್ಮದಿ ಇತ್ತು. ಒಂದು ಸುಳ್ಳಿಗೆ ಇಷ್ಟು ಬೇಗ ಎಡ ಬಲ ಹುಟ್ಟಿಕೊಳ್ಳುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಕ್ಕ ಇಪ್ಪತ್ತಾರು ವರ್ಷ ಪೇಂಟ್ ಕಾರ್ಖಾನೆಯೊಂದರ ಬಣ್ಣದ ಕೋಣೆಯಲ್ಲಿ ದುಡಿದವಳು. ಯಾರಾದರೂ ಹಳೆಯ ಬಸ್ಸಿನ ತಗಡನ್ನೋ ಗೋಡೆಯಿಂದ ಉದುರಿದ ಚಕ್ಕೆಯನ್ನೋ ತಂದುಕೊಟ್ಟರೆ ಅದೇ ಬಣ್ಣವನ್ನು ಡಬ್ಬಿಯಲ್ಲಿ ಬರಿಸಿಕೊಡುವುದು ಅವಳ ಕೆಲಸ. ಆಮೇಲೆ ಆ ಕೆಲಸಕ್ಕೆ ಯಂತ್ರ ಬಂತು. ಯಂತ್ರ ಸೋತಾಗ ಮತ್ತೆ ಅಕ್ಕನನ್ನೇ ಕರೆಯುತ್ತಿದ್ದರು. ಅಂಥವಳ ಕಣ್ಣಿನೊಳಗೆ ಒತ್ತಡ ಏರಿ ನರ ಸೊರಗತೊಡಗಿತು. ಮೊದಲು ಅಂಚುಗಳು ಹೋದವು. ಆಮೇಲೆ ಎಲ್ಲವೂ ಕೊಳವೆಯೊಳಗಿಂದ ನೋಡಿದ ಹಾಗಾಯಿತು. ಕೊನೆಗೆ ಕೊಳವೆಯೂ ಮುಚ್ಚಿಕೊಂಡಿತು. ನಾನು ಹೇಳುತ್ತಿರುವ ಹೊತ್ತಿಗೆ ಅವಳಿಗೆ ತಿಳಿಯುತ್ತಿದ್ದುದು ಕಿಟಕಿ ಯಾವ ಕಡೆ ಇದೆ ಎಂಬುದಷ್ಟೇ.

ನಾನು ಲಿಫ್ಟ್ ಮೆಕ್ಯಾನಿಕ್. ಅಕ್ಕನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು. ಅಲ್ಲಿಂದ ನನ್ನನ್ನು ಸಾಕಿದವಳು ಅಕ್ಕನೇ. ಮೂವತ್ತೆಂಟು ತುಂಬಿದ ಮೇಲೂ, ಗ್ರೀಸು ಮೆತ್ತಿದ ಅಂಗಿಯಲ್ಲಿ ಬಂದು ನಿಂತರೂ, ಅವಳಿಗೆ ನಾನು 'ಮರಿ'. ಮೂರನೆಯ ಮಹಡಿಯ ಆ ಮನೆಯಲ್ಲಿ ನಾವಿಬ್ಬರೇ. ಇಬ್ಬರೇ ಅನ್ನುವುದೂ ತಪ್ಪು. ನಲವತ್ತಮೂರು ಗಿಡಗಳಿದ್ದವು.

ಎಲ್ಲವೂ ಕೆಸುವಿನ ಬಳಗದವು. ದಟ್ಟ ಕಾಡಿನ ನೆರಳಲ್ಲಿ ಮರದ ಮೈಗೆ ಬಿಳಲೂರಿ ಹತ್ತುವ ಮಾನ್‌ಸ್ಟೆರಾ, ಫಿಲೋಡೆಂಡ್ರಾನ್. ನೆಲದಲ್ಲೇ ಗುರಾಣಿಯಂಥ ಎಲೆ ಹಿಡಿದು ನಿಲ್ಲುವ ಅಲೊಕೇಸಿಯಾ. ಕಪ್ಪು ಮಖಮಲ್ಲಿನಂಥ ಎಲೆಯ ಆಂಥೂರಿಯಂ. ಇವುಗಳಿಗಾಗಿ ಮುಂದಿನ ಕೋಣೆಯಿಂದ ಸೋಫಾ ಹೊರಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಬಂದವರು ಅಡುಗೆಮನೆಯ ಕುರ್ಚಿಯ ಮೇಲೆ ಕೂರಬೇಕು. ಕಿಟಕಿಗೆ ತೆಳು ಬಿಳಿ ಪರದೆ, ಚಾವಣಿಗೆ ಎರಡು ಟ್ಯೂಬ್‌ಲೈಟು, ಮೂಲೆಯಲ್ಲಿ ಸದಾ ಉಸ್ಸೆನ್ನುತ್ತ ಮಂಜು ಬಿಡುವ ಪುಟ್ಟ ಯಂತ್ರ. ಗೋಡೆಯುದ್ದಕ್ಕೂ ಗಾಜಿನ ಹಳೆಯ ಮೀನಿನ ತೊಟ್ಟಿಗಳು. ಅವುಗಳಲ್ಲಿ ನೀರಿರಲಿಲ್ಲ, ಎಳೆ ಗಿಡಗಳಿದ್ದವು. ದೊಡ್ಡವು ಪಾಚಿ ಸುತ್ತಿದ ಕೋಲುಗಳನ್ನು ಹತ್ತಿ ನಿಂತಿದ್ದವು.

ಕಣ್ಣು ಹೋದವರು ಕೈಯಿಂದ ನೋಡುತ್ತಾರೆ ಎಂದು ಜನ ಹೇಳುತ್ತಾರೆ. ಅಕ್ಕನಿಗೆ ಅದೂ ಇರಲಿಲ್ಲ. ಈ ಗಿಡಗಳನ್ನು ಸಾಕುವವರಲ್ಲಿ ಒಂದು ಕಟ್ಟುಪಾಡಿದೆ: ಎಲೆ ಮುಟ್ಟಕೂಡದು. ಬೆರಳ ಜಿಡ್ಡು ತಾಗಿದಲ್ಲಿ ಮಖಮಲ್ಲು ಸಾಯುತ್ತದೆ, ಎಳೆಯ ಎಲೆಯನ್ನು ಒತ್ತಿದರೆ ಗಾಯ ಕೊನೆಯವರೆಗೂ ಉಳಿಯುತ್ತದೆ. ಚಿಕ್ಕಂದಿನಲ್ಲಿ ಬೆರಳು ಚಾಚಿದ್ದಕ್ಕೆ ನಾನು ಎಷ್ಟು ಸಲ ಕೈಮೇಲೆ ಏಟು ತಿಂದಿದ್ದೇನೋ. ಏಟು ಕೊಟ್ಟವಳು ಈಗ ತನ್ನ ಕೈಯನ್ನೂ ಹಾಗೆಯೇ ತಡೆದುಕೊಂಡಳು.

ಕೊಳವೆಯೂ ಮುಚ್ಚಿಕೊಂಡ ವಾರ ಅವಳು, "ತೊಟ್ಟಿಗೆ ಫೋನ್ ಮಾಡು. ಎಲ್ಲ ತಗೊಂಡು ಹೋಗ್ಲಿ," ಎಂದಳು. ತೊಟ್ಟಿ ಎಂದರೆ ಎರಡು ಬೀದಿ ಆಚೆ ಬಣ್ಣದ ಮೀನು ಮಾರುವವನು. ಸೋರುವ ಗಾಜಿನ ತೊಟ್ಟಿಗಳಲ್ಲಿ ಗಿಡ ಬೆಳೆಸುವುದನ್ನು ಅಕ್ಕನಿಗೆ ಕಲಿಸಿದವನು. ಆ ಹೆಸರಿಟ್ಟವಳು ಅಕ್ಕ. ಅವನ ಹೆಂಡತಿಯೂ ಈಗ ಅವನನ್ನು ಹಾಗೆಯೇ ಕರೆಯುತ್ತಾಳಂತೆ.

"ಬೇಡ. ನಾನು ನೋಡಿ ಹೇಳ್ತೀನಿ," ಎಂದೆ. "ದಿನಾ. ಒಂದೊಂದು ಎಲೆನೂ."

"ನಿಂಗೆ ನೋಡೋಕೆ ಬರಲ್ಲ ಮರಿ."

"ಕಲಿಸು."

ಮಂಜಿನ ಯಂತ್ರ ಒಂದು ಸಲ ನಿಂತು ಮತ್ತೆ ಶುರುವಾಯಿತು.

"ಹಾಗಾದ್ರೆ ಕೇಳು. ಕಂಡದ್ದನ್ನ ಮಾತ್ರ ಹೇಳ್ಬೇಕು. ಅಕ್ಕನಿಗೆ ಬೇಜಾರಾಗುತ್ತೆ ಅಂತ ಒಂದೇ ಒಂದು ಎಲೆ ಬಣ್ಣನೂ ಬದಲಾಯಿಸಬಾರದು. ಸುಳ್ಳು ಸಿಕ್ಕಿದ ದಿನ ಎಲ್ಲಾ ಗಿಡ ತೊಟ್ಟಿ ಮನೆಗೆ. ನಿನ್ನ ಮಾತೇ ನಂಬೋಕಾಗಲ್ಲ ಅಂದ್ಮೇಲೆ ನಾನು ಗಿಡ ಇಟ್ಕೊಂಡು ಏನ್ ಮಾಡ್ಲಿ? ಕುಂಡ ಎಣಿಸ್ಲಾ?"

"ಆಯ್ತು."

"ಆಯ್ತು ಅಂತ ಸುಮ್ನೆ ಅನ್ನಬೇಡ."

"ಸುಮ್ನೆ ಅಂತಿಲ್ಲ ಅಕ್ಕ."

ಹೀಗೆ ಹಾಜರಿ ಶುರುವಾಯಿತು. ಸಂಜೆ ಆರಕ್ಕೆ ನಾನು ಕೈ ತೊಳೆದು ಮೂರು ಕಾಲಿನ ಸ್ಟೂಲು ಎಳೆದುಕೊಂಡು ಕೂರುತ್ತಿದ್ದೆ. ಅವಳು ಹೆಸರು ಕೂಗುತ್ತಿದ್ದಳು. ಗಿಡಗಳಿಗೆಲ್ಲ ಅವಳೇ ಇಟ್ಟ ಹೆಸರುಗಳು: ಎಲೆತುದಿಯಲ್ಲಿ ನೀರು ತೊಟ್ಟಿಕ್ಕುವ ಅಲೊಕೇಸಿಯಾ 'ಅಳುಮುಂಜಿ', ಯಾವ ಮೂಲೆಯಲ್ಲಿಟ್ಟರೂ ಮುಖ ಊದಿಸಿಕೊಳ್ಳುವ ಆಂಥೂರಿಯಂ 'ಸಿಡುಕಿ', ಅರ್ಧ ಕಿಟಕಿ ತಿಂದು ನಿಂತ ಫಿಲೋಡೆಂಡ್ರಾನ್ 'ದೊಡ್ಡಪ್ಪ'.

"ದೊಡ್ಡಪ್ಪ?"

"ಇದ್ದಾರೆ. ಹೊಸ ಎಲೆ ಹಸಿರಾಗಿದೆ."

"ಹಸಿರು ಅಂದ್ರೆ ಯಾವ ಹಸಿರು?"

"ಹಸಿರು ಹಸಿರು."

"ಶಾಲೆ ಬೋರ್ಡಿನ ಹಸಿರಾ, ಆಸ್ಪತ್ರೆ ಪರದೆ ಹಸಿರಾ? ಬಾಯಿ ಬಿಡೋ."

"ನಮ್ಮ ಹಳೇ ಲಿಫ್ಟ್ ಬಾಗಿಲಿರುತ್ತಲ್ಲ, ಆ ಹಸಿರು."

"ಆ ಬಣ್ಣ ಬರಿಸಿದ್ದೇ ನಾನು. ಆರು ಸಲ ವಾಪಸ್ ಕಳಿಸಿದ್ರು, ದರಿದ್ರದವರು."

ಅವಳು ನಗುತ್ತಿದ್ದಳು. ನಾನು ಕಲಿಯುತ್ತಿದ್ದೆ. ಹಸಿರಿನೊಳಗೆ ಹಳದಿ ಎಷ್ಟು, ನೀಲಿ ಎಷ್ಟು ಎಂದು ನೋಡಲು ಬಂತು. ಬಿಳಿಯಲ್ಲೂ ಸುಣ್ಣದ ಬಿಳಿ ಬೇರೆ, ಹಾಲಿನ ಬಿಳಿ ಬೇರೆ, ಮೂಳೆಯ ಬಿಳಿ ಬೇರೆ ಎಂದು ತಿಳಿಯಿತು.

ಹಾಜರಿಯ ಕೊನೆಯ ಹೆಸರು ಯಾವಾಗಲೂ 'ಹಗಲಿರುಳು'. ಅದೊಂದು ಮಾನ್‌ಸ್ಟೆರಾ. ಅದರ ಎಲೆ ನಡುನರದಲ್ಲಿ ಗೆರೆ ಕೊಯ್ದಂತೆ ಒಂದು ಕಡೆ ಕಡುಹಸಿರು, ಇನ್ನೊಂದು ಕಡೆ ಅಪ್ಪಟ ಬಿಳಿ. ಅಂಥದ್ದು ಬೀಜದಿಂದ ಬರುವುದಿಲ್ಲ. ಬಿಳಿ ಗೆರೆಯಿರುವ ಕಾಂಡವನ್ನು ಕತ್ತರಿಸಿ ನೆಟ್ಟರಷ್ಟೇ ಬರುತ್ತದೆ, ಬಂದದ್ದೂ ಉಳಿಯುತ್ತದೆಂಬ ಖಾತ್ರಿಯಿಲ್ಲ. ಗಿಡಕ್ಕೆ ಬಿಳಿ ಬೇಕಾಗಿಲ್ಲ. ಬಿಳಿ ಭಾಗ ಬಿಸಿಲನ್ನು ಅನ್ನ ಮಾಡಲಾರದು. ಹಸಿರು ದುಡಿದದ್ದನ್ನು ಕೂತು ತಿನ್ನುತ್ತದೆ. ಹಾಗಾಗಿ ಅವಕಾಶ ಸಿಕ್ಕಿದೊಡನೆ ಗಿಡ ಬಿಳಿಯನ್ನು ಬಿಟ್ಟು ಪೂರ್ತಿ ಹಸಿರಿಗೆ ಹೊರಳುತ್ತದೆ. ಒಂದು ಎಲೆ ಹಸಿರಾಗಿ ಬಂದರೆ ಎಚ್ಚರವಾಗಬೇಕು. ಎರಡು ಬಂದರೆ ಹಿಂದಿನ ಬಿಳಿ ಗೆರೆಯ ಗಿಣ್ಣಿನವರೆಗೆ ಕತ್ತರಿಸಬೇಕು. ತಡಮಾಡಿದಷ್ಟೂ ಮೇಲಿನ ಹಸಿರು ಎಲ್ಲ ಕಸುವನ್ನೂ ಎಳೆದುಕೊಂಡು ಕೆಳಗಿನ ಮೊಗ್ಗುಗಳು ಬತ್ತುತ್ತವೆ. ಇದನ್ನೆಲ್ಲ ಅಕ್ಕ ನನಗೆ ನೂರು ಸಲ ಹೇಳಿದ್ದಳು. ಗೊತ್ತಿಲ್ಲದೆ ಮಾಡಿದೆ ಎಂದು ನಾನು ಹೇಳಿಕೊಳ್ಳುವಂತಿಲ್ಲ.

ಆ ಸಂಜೆ ಸುಳ್ಳು ಹೇಳಿದ್ದಕ್ಕೆ ಕಾರಣ ಅದೇ ದಿನದ ಬೆಳಿಗ್ಗೆ. ಕಣ್ಣಿನ ಡಾಕ್ಟರು ಹನಿ ಹಾಕುವುದನ್ನು ನಿಲ್ಲಿಸಿ ಎಂದಿದ್ದರು. ಇನ್ನು ಬರುವ ಅಗತ್ಯವಿಲ್ಲ, ಕಿಟಕಿಯ ಬೆಳಕೂ ಒಂದು ದಿನ ಹೋಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಿದ್ದರು. ಅಕ್ಕ "ಸರಿ ಡಾಕ್ಟ್ರೇ" ಎಂದು ಎದ್ದು, ಬಾಗಿಲು ಇಲ್ಲದ ಕಡೆಗೆ ನಡೆದಳು. ಮನೆಯ ಬೀಗ ತೆಗೆಯುವಾಗ, "ಇವತ್ತು ಹಗಲಿರುಳಿನ ಎಲೆ ಬಿಚ್ಕೊಳ್ಳೋ ದಿನ ಅಲ್ವಾ?" ಎಂದು ಕೇಳಿದಳು.

ಲಿಫ್ಟ್ ಕೆಲಸದಲ್ಲಿ ನಮಗೊಂದು ರೂಢಿಯಿದೆ. ನಡುವೆ ಸಿಕ್ಕಿಕೊಂಡವರು ಬಾಗಿಲು ಬಡಿಯುತ್ತ, ಎಷ್ಟು ಹೊತ್ತಾಗುತ್ತದೆ ಎಂದು ಕೇಳುತ್ತಾರೆ. ನಾವು ಯಾವಾಗಲೂ ಐದು ನಿಮಿಷ ಅನ್ನುತ್ತೇವೆ. ಎರಡು ಗಂಟೆಯ ಕೆಲಸವಿದ್ದರೂ ಐದೇ ನಿಮಿಷ. ಆ ಐದು ಮುಗಿದ ಮೇಲೆ ಇನ್ನೈದು. ಒಳಗಿರುವವರು ಉಸಿರಾಡಬೇಕಲ್ಲ. ಹದಿನೇಳು ವರ್ಷದಿಂದ ಮುಚ್ಚಿದ ಬಾಗಿಲುಗಳಿಗೆ ಬಾಯಿಟ್ಟು ಐದು ನಿಮಿಷ ಎನ್ನುತ್ತ ಬಂದವನು ನಾನು. ಅರ್ಧ ಬಿಳಿ ಎಂದದ್ದೂ ಅದೇ ಬಾಯಿ.

ಮರುದಿನ ಅಕ್ಕ, "ನಿನ್ನ ಚೀಲದಲ್ಲಿ ವಾಷರ್ ಇದೆಯಾ?" ಎಂದಳು.

"ಯಾಕೆ?"

"ಸುಮ್ನೆ. ಕೈಗೆ ಏನಾದ್ರೂ ಬೇಕು. ಒಂದಿಷ್ಟು ನಟ್ಟೂ ಕೊಡು."

ನಾನು ಸಂತೋಷದಿಂದಲೇ ಒಂದು ಡಬ್ಬಿ ತುಂಬ ವಾಷರು, ಹತ್ತು ನಟ್ಟು, ಒಂದು ಮಾರು ತಂತಿ ಕೊಟ್ಟೆ. ಅವಳು ತಂತಿಯನ್ನು ಮಂಚದ ತಲೆಗೆ ಕಟ್ಟಿಕೊಂಡಳು. ಬೆಳಿಗ್ಗೆ ಎದ್ದೊಡನೆ ಒಂದು ವಾಷರ್ ಏರಿಸುತ್ತಿದ್ದಳು. ಹೊತ್ತು ಕಳೆಯುವ ಒಂದು ದಾರಿ ಎಂದುಕೊಂಡೆ.

ಮುಂದಿನ ಎಲೆ ಅರ್ಧ ಬಿಳಿಯಾಗಿಯೇ ಬರುತ್ತದೆ, ಆಗ ಹಿಂದಿನ ಸುಳ್ಳು ತಾನಾಗಿ ಅಳಿಸಿಹೋಗುತ್ತದೆ ಎಂದು ನಾನು ನಂಬಿದ್ದೆ. ಅದೂ ಹಸಿರಾಗಿ ಬಂತು. "ಈ ಸಲ ಬಿಳಿಯೊಳಗೆ ಹಸಿರು ಚುಕ್ಕೆ ಇವೆ ಅಕ್ಕ, ಸೀಸದ ಕಡ್ಡಿ ಮೊನೆಯಷ್ಟು," ಎಂದೆ. ಮೂರನೆಯದಕ್ಕೆ ಹಾಲಿನ ಬಿಳಿ ಕೊಟ್ಟೆ, ಅಂಚಿಗೆ ಒಂದು ಹಸಿರು ಎಳೆ ಕೊಟ್ಟೆ. ನಾಲ್ಕನೆಯದು ಬರುವಷ್ಟರಲ್ಲಿ ನನ್ನ ಕೈ ಪಳಗಿತ್ತು. ನಿಜವಾದ ನಲವತ್ತೆರಡು ಗಿಡಗಳನ್ನು ಹೇಳುವಾಗ ತಡವರಿಸುತ್ತಿದ್ದವನು ಇಲ್ಲದ ಬಿಳಿಯನ್ನು ಹೇಳುವಾಗ ಒಂದು ಸಲವೂ ತೊದಲಲಿಲ್ಲ. ಈ ನಡುವೆ ಕೆಳಗಿನ ಹಳೆಯ ಅರ್ಧ ಬಿಳಿ ಎಲೆಗಳಲ್ಲಿ ಎರಡು ಹಳದಿಯಾಗಿ ಜೋತವು. ಅವನ್ನು ಕಿತ್ತು ಪತ್ರಿಕೆಯಲ್ಲಿ ಸುತ್ತಿ ಕೆಲಸಕ್ಕೆ ಹೋಗುವಾಗ ಕಸದ ಡಬ್ಬಿಗೆ ಹಾಕಿದೆ. ಹೇಳಲಿಲ್ಲ.

"ಚೆನ್ನಾಗಿ ನೋಡೋಕೆ ಕಲಿತೆ ನೀನು," ಎಂದಳು ಅಕ್ಕ. ಆ ಮಾತಿನಲ್ಲಿ ಹೊಗಳಿಕೆ ಇತ್ತೋ ಇಲ್ಲವೋ ಎಂದು ನಾನು ಆಗ ಯೋಚಿಸಲಿಲ್ಲ.

ನಾಲ್ಕನೆಯ ಎಲೆ ಬಿಚ್ಚಿದ ಮರುವಾರ ತೊಟ್ಟಿ ಬಂದ. ಕೈಯಲ್ಲಿ ಒದ್ದೆ ಪಾಚಿಯ ಚೀಲ, ಅಂಗಿಯ ತುಂಬ ಮೀನಿನ ತೊಟ್ಟಿಯ ವಾಸನೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಮೇಡಂ, ನನ್ನ ಮಕ್ಳೆಲ್ಲ ಹೇಗವ್ರೆ?" ಎನ್ನುತ್ತ ಒಳಗೆ ಬಂದವನು ಹಗಲಿರುಳಿನ ಮುಂದೆ ನಿಂತುಬಿಟ್ಟ. ನನ್ನ ಮುಖ ನೋಡಿದ. ನಾನು ಅವನಿಗೆ ಕೈಮುಗಿದೆ, ಸದ್ದಿಲ್ಲದೆ.

"ಯಾಕೆ, ಮಾತೇ ನಿಂತುಹೋಯ್ತು?" ಅಕ್ಕ ಕೇಳಿದಳು. "ಹಗಲಿರುಳು ಹೇಗಿದೆ?"

ತೊಟ್ಟಿ ಪಾಚಿಯ ಚೀಲ ಕೆಳಗಿಟ್ಟ. "ಗಿಡ... ಜೋರಾಗಿದೆ ಮೇಡಂ."

"ಜೋರಾಗಿದೆಯಾ?"

"ಹೂಂ. ಜೋರಾಗಿದೆ."

"ಒಳ್ಳೇದು," ಎಂದಳು ಅಕ್ಕ. ಮತ್ತೆ ಆ ಗಿಡದ ಮಾತು ತೆಗೆಯಲಿಲ್ಲ.

ಅವನನ್ನು ಬಿಡಲು ಹೋದಾಗ ಮೆಟ್ಟಿಲ ತಿರುವಿನಲ್ಲಿ ಅವನು ನನ್ನ ತೋಳು ಹಿಡಿದ. "ಏನಯ್ಯಾ ಲಿಫ್ಟಪ್ಪ, ತಲೆ ಕೆಟ್ಟಿದೆಯಾ? ನಾಲ್ಕು ಎಲೆ! ಎರಡನೇದಕ್ಕೇ ಕತ್ತರಿ ಹಾಕ್ಬೇಕಿತ್ತು."

"ಹೇಳೋಕಾಗ್ಲಿಲ್ಲ."

"ಹೇಳೋಕಾಗ್ಲಿಲ್ವಂತೆ! ಈಗ ಕೆಳಗಿನ ಮೊಗ್ಗೆಲ್ಲ ಒಣಗ್ತಾ ಇದೆ. ಇನ್ನೊಂದು ತಿಂಗಳು ಬಿಟ್ರೆ ಅದು ಬೀದಿಬದಿ ಬೆಳೆಯೋ ಗಿಡ, ಅಷ್ಟೇ."

"ಹೇಳಿದ್ರೆ ಎಲ್ಲ ಗಿಡನೂ ನಿಮಗೆ ಕೊಟ್ಟುಬಿಡ್ತಾಳೆ."

"ನಂಗೆ ಬೇಕಾಗಿಲ್ಲ ಹೋಗಯ್ಯಾ." ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತು. "ಕಣ್ಣಿಲ್ಲದವರ ಮುಂದೆ ಇವತ್ತು ನನ್ನ ಬಾಯಲ್ಲೂ ಅರ್ಧ ಸುಳ್ಳು ಹೇಳಿಸಿದೆಯಲ್ಲ. ಇನ್ನರ್ಧ ನಾನು ಹೇಳಲ್ಲ. ನೀನೇ ಹೋಗಿ ಸರಿ ಮಾಡ್ಕೋ."

ನಾನು ಮೇಲೆ ಬಂದಾಗ ಆರಾಗಿತ್ತು. ಅಕ್ಕ ಸ್ಟೂಲಿನ ಎದುರಿನ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಮಂಚಕ್ಕೆ ಕಟ್ಟಿದ್ದ ತಂತಿಯನ್ನು ಬಿಚ್ಚಿ ತಂದು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಇವತ್ತು ನಾನು ಹಾಜರಿ ಹೇಳ್ತೀನಿ. ನೀನು ಕೇಳು," ಎಂದಳು.

ನಾನು ಕೂತೆ.

"ಇದು ಮೊದಲ ನಟ್ಟು. ನಾವು ಆಸ್ಪತ್ರೆಯಿಂದ ಬಂದ ದಿನದ ಎಲೆ. ಆಮೇಲೆ ದಿನಕ್ಕೊಂದು ವಾಷರ್. ಎಲೆ ಬಂತು ಅಂತ ನೀನು ಹೇಳಿದಾಗ ಒಂದು ನಟ್ಟು. ಎರಡನೇ ನಟ್ಟಿನ ತನಕ ಎಷ್ಟು ವಾಷರ್ ಇದೆ, ಎಣಿಸು."

ನಾನು ಎಣಿಸಿದೆ. "ಇಪ್ಪತ್ತೇಳು."

"ಅದರ ಮುಂದೆ?"

"ಹತ್ತೊಂಬತ್ತು."

"ಮುಂದೆ?"

ನನ್ನ ಬೆರಳಿನಲ್ಲಿ ವಾಷರುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. "ಹದಿನಾರು."

"ನಂಗೆ ಕಣ್ಣಿದ್ದಾಗ ಆ ಗಿಡದ ಎಲೆ ಮೂವತ್ತೆಂಟು ದಿನಕ್ಕೆ ಬರ್ತಿತ್ತು. ನಲವತ್ತೊಂದಕ್ಕೆ ಬರ್ತಿತ್ತು. ಯಾವತ್ತೂ ಮೂವತ್ತೈದರ ಒಳಗೆ ಬಂದದ್ದಿಲ್ಲ. ಅರ್ಧ ಎಲೆ ಕೂತು ತಿನ್ನೋ ಗಿಡ ಓಡಲ್ಲ ಮರಿ, ನಿಧಾನಕ್ಕೆ ನಡೆಯುತ್ತೆ. ಹದಿನಾರು ದಿನಕ್ಕೆ ಎಲೆ ಬಂತು ಅಂದ್ರೆ ಅದರಲ್ಲಿ ಬಿಳಿ ಇಲ್ಲ. ಒಂದು ಚುಕ್ಕೆನೂ ಇಲ್ಲ. ಇವತ್ತು ತೊಟ್ಟಿ ಜೋರಾಗಿದೆ ಅಂದ."

ಮಂಜಿನ ಯಂತ್ರ ಉಸ್ಸೆನ್ನುತ್ತಿತ್ತು. ಅಳುಮುಂಜಿಯ ತುದಿಯಿಂದ ಒಂದು ಹನಿ ನೆಲಕ್ಕೆ ಬಿತ್ತು.

"ಯಾವಾಗ ಗೊತ್ತಾಯ್ತು?" ಎಂದೆ.

"ಎರಡನೇ ನಟ್ಟಿಗೆ ಅನುಮಾನ. ಮೂರನೇದಕ್ಕೆ ಗೊತ್ತಾಯ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ." ಅವಳು ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಂಗೂ ಐದು ನಿಮಿಷ ಹೇಳಿದೆ ಅಲ್ವಾ ನೀನು? ಒಳಗೆ ಸಿಕ್ಕಿಹಾಕಿಕೊಂಡವಳು, ಇರಲಿ ಪಾಪ, ಅಂತ."

ನಾನು ಅಳಲಿಲ್ಲ. ಅತ್ತಿದ್ದರೆ ಅವಳು ಸಮಾಧಾನ ಮಾಡಬೇಕಾಗುತ್ತಿತ್ತು, ಅದು ಇನ್ನೊಂದು ಮೋಸವಾಗುತ್ತಿತ್ತು.

"ಚಾಕು ತಗೊಂಡು ಬಾ," ಎಂದಳು. "ಸ್ಪಿರಿಟ್ ಹಾಕಿ ಒರೆಸು."

ಹಗಲಿರುಳಿನ ಕುಂಡವನ್ನು ಅವಳ ಕುರ್ಚಿಯ ಮುಂದೆ ಎಳೆದಿಟ್ಟೆ. ಕಟ್ಟಿದ್ದ ದಾರ ಬಿಚ್ಚಿ ಕಾಂಡವನ್ನು ಪಾಚಿಕೋಲಿನಿಂದ ಬಿಡಿಸಿದೆ. ಅದಕ್ಕೆ ಏಳು ಗಿಣ್ಣುಗಳಿದ್ದವು. ಬಿಳಿ ಮರಳಿ ಬರಬೇಕಾದರೆ ಕಾಂಡದ ಬಿಳಿ ಗೆರೆ ಗಿಣ್ಣಿನ ಮೊಗ್ಗಿನ ಮೇಲೇ ಹಾಯ್ದಿರಬೇಕು. ಮೊಗ್ಗಿನ ಪಕ್ಕದಲ್ಲಿ ಹೋದರೆ ಪ್ರಯೋಜನವಿಲ್ಲ. ಬಿಳಿ ಗೆರೆ ಬೆರಳಿಗೆ ತಿಳಿಯುವುದಿಲ್ಲ. ಅದನ್ನು ಕಣ್ಣೇ ಹೇಳಬೇಕು.

"ಮೇಲಿಂದ ಬಾ," ಎಂದಳು. "ಮೊದಲನೇದು?"

"ಗೆರೆ ಇಲ್ಲ."

"ಎರಡನೇದು?"

"ಇಲ್ಲ."

"ಮೂರು?"

"ಇಲ್ಲ. ನಾಲ್ಕನೇದೂ ಇಲ್ಲ."

"ನಾನು ಕೇಳಿದ್ಮೇಲೆ ಹೇಳು."

"ಇಲ್ಲ ಅಕ್ಕ."

"ಐದು?"

"ಗೆರೆ ಇದೆ. ಮೊಗ್ಗಿಂದ ಒಂದು ಬೆರಳು ದೂರ."

"ಆರು?"

ಆರನೆಯದರ ಮೊಗ್ಗು ಒಣಗಿ ಕಂದಾಗಿತ್ತು. ಉಗುರು ತಾಗಿಸಿದರೆ ಪುಡಿಯಾಯಿತು. ಹಾಗೆಂದೇ ಹೇಳಿದೆ.

ಏಳನೆಯ ಗಿಣ್ಣು ಅರ್ಧ ಪಾಚಿಯೊಳಗಿತ್ತು. ಬೆರಳಿಂದ ಪಾಚಿ ಸರಿಸಿ, ಹಳೆಯ ಕಂದು ಸಿಪ್ಪೆ ಬಿಡಿಸಿ, ನೆಲಕ್ಕೆ ಮುಖ ತಾಗಿಸಿ ನೋಡಿದೆ. ಕೆಲಸದ ಟಾರ್ಚು ತಂದು ನೋಡಿದೆ. ಅಕ್ಕಿಕಾಳಿನಷ್ಟು ಮೊಗ್ಗು. ಅದರ ಮೇಲೆ, ಕೂದಲೆಳೆಯಷ್ಟು ತೆಳ್ಳಗೆ, ಒಂದು ಬಿಳಿ ಗೆರೆ.

"ಇದೆ," ಎಂದೆ.

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಇದೆ ಅಕ್ಕ. ಮೊಗ್ಗಿನ ಮೇಲೇ ಹೋಗಿದೆ."

"ಎಷ್ಟು ದಪ್ಪ?"

"ಕೂದಲಷ್ಟು."

"ಯಾವ ಬಿಳಿ?"

ನಾಲ್ಕು ಎಲೆಗಳಿಗೆ ನಾಲ್ಕು ಬಗೆಯ ಬಿಳಿ ಹಚ್ಚಿದವನಿಗೆ ಈಗ ಒಂದೂ ಬಾಯಿಗೆ ಬರಲಿಲ್ಲ. ಅಲ್ಲಿ ಇದ್ದದ್ದು ಅಂದದ ಬಿಳಿಯಲ್ಲ. "ಕೊಳಕು ಬಿಳಿ," ಎಂದೆ. "ತೊಳೆದು ತೊಳೆದು ಹಳೇದಾದ ಬನಿಯನ್ ಇರುತ್ತಲ್ಲ, ಹಾಗೆ."

ನಾನು ನಿಜ ಹೇಳುತ್ತಿದ್ದೆ. ಆದರೆ ನಿಜವೂ ನನ್ನ ಬಾಯಿಂದಲೇ ಬರಬೇಕಿತ್ತು, ಸುಳ್ಳು ಬಂದ ಅದೇ ಧ್ವನಿಯಲ್ಲಿ. ಏಳನೆಯ ಗಿಣ್ಣಿನ ಮೇಲೆ ಕತ್ತರಿಸಿದರೆ ಮೇಲಿನ ಇಡೀ ಗಿಡ ಹೋಗುತ್ತದೆ. ಉಳಿಯುವುದು ಒಂದು ಎಲೆಯೂ ಇಲ್ಲದ ಮೋಟು. ಗೆರೆ ಇಲ್ಲದಿದ್ದರೆ ಅದೂ ವ್ಯರ್ಥ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ಅವಳ ಮುಖ ಓದಲು ಬರಲಿಲ್ಲ. ಅಷ್ಟು ದಿನ ಎಲೆಗಳನ್ನಷ್ಟೇ ನೋಡಿದ್ದೆ.

"ನಿನ್ನ ಹೆಬ್ಬೆರಳು ಅಲ್ಲಿಡು," ಎಂದಳು ಕೊನೆಗೆ. "ಮೊಗ್ಗಿನ ಮೇಲೆ ಅಡ್ಡ. ತೆಗೀಬೇಡ."

ಇಟ್ಟೆ. ಅವಳು ಎಡಗೈಯಿಂದ ನನ್ನ ಹೆಬ್ಬೆರಳನ್ನು ಹುಡುಕಿ, ಉಗುರಿನ ಅಂಚನ್ನು ಮುಟ್ಟಿ ನೋಡಿ, ಚಾಕುವಿನ ಬಾಯನ್ನು ಅದಕ್ಕೆ ಒತ್ತಿ ಹಿಡಿದಳು. ತಣ್ಣಗಿತ್ತು. ನಾನು ಕೈ ಅಲುಗಿಸಲಿಲ್ಲ. ಒಂದೇ ಎಳೆತ. ಗಿಡ ನನ್ನ ಭುಜದ ಮೇಲೆ ಒರಗಿ ಬಿತ್ತು, ದಣಿದವರು ಒರಗುವ ಹಾಗೆ.

"ಗಾಯ ಆಯ್ತಾ?"

"ಇಲ್ಲ."

"ನಿಜ ಹೇಳು."

ನೋಡಿಕೊಂಡೆ. "ಸ್ವಲ್ಪ ಆಗಿದೆ. ಚರ್ಮ ಅಷ್ಟೇ."

"ಹೂಂ," ಎಂದಳು. "ತೊಟ್ಟಿಗೆ ಫೋನ್ ಮಾಡು."

ಮಾತೆಂದರೆ ಮಾತು. ತೊಟ್ಟಿ ಮೂರು ಸಲ ವ್ಯಾನು ತಂದ. ಮೊದಲ ಸಲ ಅವನು ಬಾಗಿಲಲ್ಲೇ ನಿಂತು, "ಇದೆಲ್ಲ ಬೇಕಾ ಮೇಡಂ, ತಮ್ಮ ತಾನೆ, ಒಂದು ಸಲ ಬೈದು ಬಿಟ್ಬಿಡಿ," ಎಂದ. ಅಕ್ಕ, "ಅವನಿಗೆ ಶಿಕ್ಷೆ ಅಂತ ಅಲ್ಲ ಕಣಪ್ಪ. ನಾನು ಏನನ್ನ ನಂಬಿ ಇಟ್ಕೊಳ್ಲಿ ಹೇಳು?" ಎಂದಳು. ಅವನು ತಲೆ ತಗ್ಗಿಸಿ ಅಳುಮುಂಜಿಯನ್ನು ಎತ್ತಿಕೊಂಡ. ದೊಡ್ಡಪ್ಪನನ್ನು ಇಳಿಸಲು ನಾವಿಬ್ಬರೂ ಬೇಕಾಯಿತು. ಮೆಟ್ಟಿಲಲ್ಲಿ ಅದರ ಒಂದು ಎಲೆ ಮುರಿಯಿತು. ಮೇಲೆ ಬಂದು ಅದನ್ನು ಅಕ್ಕನಿಗೆ ಹೇಳಿದೆ. ಹಗಲಿರುಳಿನ ಕತ್ತರಿಸಿದ ಹಸಿರು ತಲೆಯೂ ಬಕೆಟ್ಟಿನ ನೀರಿನಲ್ಲಿ ಕೂತು ಹೋಯಿತು. ಸಿಡುಕಿ ಕೊನೆಗೆ ಹೋಯಿತು. ಅದರ ಎಲೆಯನ್ನು ಅಕ್ಕ ಒಮ್ಮೆ, ಹೊರಗೆ ಹೋಗುವ ಮುನ್ನ, ಬೆರಳ ಹಿಂಬದಿಯಿಂದ ಸವರಿದಳು.

ಮೋಟನ್ನು ತೊಟ್ಟಿ ಮುಟ್ಟಲಿಲ್ಲ. "ಎಲೆ ಇಲ್ಲದ್ದು ಗಿಡದ ಲೆಕ್ಕಕ್ಕೆ ಬರಲ್ಲ ಬಿಡಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದ.

ಕೋಣೆಯ ನೆಲದ ಮೇಲೆ ಕುಂಡಗಳಿದ್ದ ಕಡೆಯೆಲ್ಲ ದುಂಡು ಕಲೆಗಳು ಉಳಿದವು. ಒರೆಸಿದರೂ ಹೋಗಲಿಲ್ಲ. ಮಾತಾಡಿದರೆ ಗೋಡೆ ಮಾತನ್ನು ವಾಪಸ್ಸು ಕಳಿಸುತ್ತಿತ್ತು. ಸೋಫಾ ತರೋಣವೇ ಎಂದು ಕೇಳಿದೆ, ಅಕ್ಕ ಬೇಡವೆಂದಳು. ಒಂದು ಗಾಜಿನ ತೊಟ್ಟಿಯನ್ನು ಉಳಿಸಿಕೊಂಡಿದ್ದೆವು. ಅದರೊಳಗೆ ಒದ್ದೆ ಪಾಚಿಯಲ್ಲಿ ಮೋಟು.

ಮೊದಲ ಸಂಜೆ ಆರಕ್ಕೆ ನನಗೇನು ಮಾಡಬೇಕೆಂದು ತೋಚಲಿಲ್ಲ. ಕೈ ತೊಳೆದು ಸುಮ್ಮನೆ ಸ್ಟೂಲಿನ ಮೇಲೆ ಕೂತೆ. ಅಕ್ಕ ಅಡುಗೆಮನೆಯಿಂದ ಗೋಡೆ ಹಿಡಿದು ಬಂದು ಎದುರಿಗೆ ಕೂತಳು.

"ಹೇಳು," ಎಂದಳು.

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ಹೇಗಿದೆ?"

ಬಗ್ಗಿ ನೋಡಿದೆ. "ಕತ್ತರಿಸಿದ ಜಾಗ ಒದ್ದೆ ಆಗಿದೆ. ಅಂಚು ಸ್ವಲ್ಪ ಕಂದಾಗ್ತಿದೆ. ಚಹಾ ಕಲೆ ಥರ."

"ಮೊಗ್ಗು?"

"ನಿನ್ನೆ ಹೇಗಿತ್ತೋ ಹಾಗೇ."

ಅವಳು ಎದ್ದು ಹೋದಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಪ್ರತಿ ಸಂಜೆ ನಾನು ಏನೂ ಆಗದ್ದನ್ನು ನೋಡಿ ಹೇಳುತ್ತಿದ್ದೆ. ಹನ್ನೊಂದನೆಯ ದಿನ ಗಾಯ ಒಣಗಿ ಬಿರಿದದ್ದು, ಇಪ್ಪತ್ತನೆಯ ದಿನ ಪಾಚಿಯ ಮೇಲೆ ಬೂದು ಬೂಸ್ಟು ಕಂಡದ್ದು, ಅದನ್ನು ನಾನು ಒರೆಸಿದ್ದು, ಒರೆಸುವಾಗ ಮೊಗ್ಗಿಗೆ ಬಟ್ಟೆ ತಾಗಿದ್ದು. "ತಾಗಿದ್ದನ್ನ ಹೇಳದೇ ಇರಬಹುದಿತ್ತು," ಎಂದಳು ಅಕ್ಕ. ಬೆಳಿಗ್ಗೆ ಮಂಚದ ಕಡೆಯಿಂದ ವಾಷರ್ ಜಾರುವ ಸದ್ದು ಕೇಳುತ್ತಿತ್ತು. ಮೂವತ್ತು ದಿನ ದಾಟಿತು. ಮೊಗ್ಗು ಊದಿಕೊಂಡು ಮೊಳಕೆಯಾಯಿತು, ಮೊಳಕೆ ಪೆನ್ಸಿಲ್ಲಿನಷ್ಟಾಯಿತು, ಆಮೇಲೆ ನಿಂತುಬಿಟ್ಟಿತು. ಅದು ಬದುಕಿದೆಯೋ ಇಲ್ಲವೋ ಎಂದು ಅವಳು ಕೇಳಿದಳು. ಗೊತ್ತಾಗುತ್ತಿಲ್ಲ ಎಂದೆ. ಆ ಮಾತು ನನ್ನ ಬಾಯಿಗೆ ಹೊಸದು. ಕೆಲಸದಲ್ಲಿ ಕೂಡ, ಆ ವಾರ ಸಿಕ್ಕಿಕೊಂಡ ಒಬ್ಬ ಮುದುಕರು ಬಾಗಿಲ ಹಿಂದಿನಿಂದ ಎಷ್ಟು ಹೊತ್ತು ಎಂದಾಗ, "ಗೊತ್ತಿಲ್ಲ ಸರ್, ಆದ್ರೆ ನಾನು ಇಲ್ಲೇ ಇದ್ದೀನಿ," ಎಂದೆ. ಅವರು, "ಹಾಗಾದ್ರೆ ಕೂತ್ಕೋತೀನಿ," ಎಂದರು. ಅವರು ನೆಲದ ಮೇಲೆ ಕೂತದ್ದು ಕೇಳಿಸಿತು.

ಒಂದು ಸಂಜೆ ಮೊಳಕೆ ಬಿಚ್ಚಿಕೊಂಡಿತ್ತು. ಹೊಸ ಎಲೆ ಅಂಗೈಗಿಂತ ಚಿಕ್ಕದು, ಇನ್ನೂ ಒದ್ದೆ, ಅಂಚು ಸುರುಳಿ. ನಾನು ಮೊದಲು ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಬೆಳಕಲ್ಲಿ ನೋಡಿದೆ. ಮತ್ತೆ ಹಾಕಿ ನೋಡಿದೆ. ಹೊಳಪಿಗೆ ಮೋಸಹೋಗಬಾರದು.

"ಬಂದಿದೆ," ಎಂದೆ.

ಅಕ್ಕನ ಕೈ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಿತು. "ಹೇಳು."

"ಅರ್ಧ ಇಲ್ಲ."

"ಹೂಂ."

"ಮುಕ್ಕಾಲಕ್ಕಿಂತ ಜಾಸ್ತಿ ಹಸಿರು. ಎಳೇ ಹಸಿರು, ಹಳದಿ ಹೆಚ್ಚು. ನಡುನರದ ಬಲಗಡೆ, ಬುಡದ ಹತ್ತಿರ, ಒಂದು ಬಿಳಿ ಪಟ್ಟೆ. ನನ್ನ ಕಿರುಬೆರಳಿನಷ್ಟು ಉದ್ದ. ತುದಿ ತನಕ ಹೋಗಿಲ್ಲ. ನಡುವೆ ಒಂದು ಕಡೆ ಕಂದು ಕಲೆ ಇದೆ, ನಾನು ಬಟ್ಟೆ ತಾಗಿಸಿದ್ದಕ್ಕೇ ಇರ್ಬೇಕು."

"ಅಷ್ಟೇನಾ?"

"ಅಷ್ಟೇ."

"ಯಾವ ಬಿಳಿ?"

"ಈಗ ಸುಣ್ಣದ ಬಿಳಿ. ಒಣಗಿದ ಮೇಲೆ ಬದಲಾಗಬಹುದು."

ಅವಳ ಬೆರಳು ಗಾಳಿಯಲ್ಲಿ ಅರ್ಧ ದೂರ ಮುಂದೆ ಬಂತು. ಎಲೆಯ ಮುಂದೆ ಒಂದು ಗೇಣು ಉಳಿದಿರುವಾಗ ನಿಂತಿತು. ಆಮೇಲೆ ಕೈಯನ್ನು ಹಿಂದೆ ತೆಗೆದುಕೊಂಡು, ಗೋಡೆ ಹಿಡಿದು ನಡೆದು ಮಂಚದ ಕಡೆ ಹೋದಳು. ನಾನು ಹಿಂದೆ ಹೋದೆ. ತಂತಿಯಲ್ಲಿ ಕೊನೆಯ ನಟ್ಟಿನ ಈಚೆಗೆ ವಾಷರುಗಳ ಉದ್ದ ಸಾಲಿತ್ತು. ಅಷ್ಟು ಉದ್ದದ ಸಾಲು ಅದರಲ್ಲಿ ಇನ್ನೊಂದಿರಲಿಲ್ಲ. ಬೆರಳಾಡಿಸಿದರೆ ಸಾಕು, ನಾನು ಹೇಳಿದ್ದು ಹೌದೋ ಅಲ್ಲವೋ ಅವಳಿಗೆ ತಿಳಿಯುತ್ತಿತ್ತು.

ಅವಳು ಎಣಿಸಲಿಲ್ಲ. ತಂತಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದಳು.

"ನಟ್ಟು ಕೊಡು ಮರಿ," ಎಂದಳು.